ಇಲ್ಲದ ಕುದುರೆಗಳ ಕರಾರು

ಕರಾರು ಕೈಗೆ ಬಂದಾಗ ಎಲ್ಲರೂ ಮೊದಲು ದರ ನೋಡುತ್ತಾರೆ. ನನ್ನನ್ನು ಕೇಳಿದರೆ, ದರವನ್ನು ಕೊನೆಗೆ ನೋಡಿ. ಕೊಡುವವನ ಹತ್ತಿರ ಮಾಲು ಕಡಿಮೆ ಬಿದ್ದ ದಿನ ಯಾರ ಪಾಲು ಎಷ್ಟು ಇಳಿಯುತ್ತದೆ ಎಂದು ಬರೆದ ಕಲಮು ಒಂದಿರುತ್ತದೆ; ಮೊದಲು ಅದನ್ನು ಹುಡುಕಿ. ಹೆಚ್ಚಾಗಿ ಕಾಗದದ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ಅದನ್ನು ಓದದೆ ಕೆಟ್ಟುಹೋದ ಬಹಳ ಮಂದಿಯನ್ನು ಪುಣೆಯಲ್ಲಿ ಕಂಡಿದ್ದೇನೆ. ನಾನು ಹೇಳಹೊರಟ ಸಂಗತಿಯಲ್ಲಿ ಮಾತ್ರ ಆ ಕಲಮನ್ನು ಓದಿದವನೂ ನಾನೇ, ಬರೆಸಿದವನೂ ನಾನೇ.

ಎರಡನೆಯ ಮಹಾಯುದ್ಧ ನಡೆದಿತ್ತು. ಪುಣೆಯಲ್ಲಿ ಈಗ ಶಿವಾಜಿನಗರ ಎನ್ನುವ ಭಾಂಬುರ್ಡೆಯ ಒಂದು ಓಣಿಯಲ್ಲಿ ನನ್ನದೊಂದು ತಗಡಿನ ಶೆಡ್ಡು. ಕೆಟ್ಟ ಮೋಟಾರು, ಪಂಪು, ಎಣ್ಣೆ ಎಂಜಿನ್ನುಗಳನ್ನು ಕೊಂಡು, ರಿಪೇರಿ ಮಾಡಿ ಮಾರುತ್ತಿದ್ದೆ. ಅದೇ ಓಣಿಯಲ್ಲಿ ಮಂಜುಗಡ್ಡೆಯ ಕಾರ್ಖಾನೆ, ಎಣ್ಣೆ ಗಾಣ, ಕಟ್ಟಿಗೆ ಕೊಯ್ಯುವ ಗಿರಣಿ, ಛಾಪಖಾನೆ, ಸೋಡಾ ಕಾರ್ಖಾನೆ ಇದ್ದವು. ಕೊನೆಗೆ ಒಂದು ಹಿಟ್ಟಿನ ಗಿರಣಿ. ನನ್ನದೂ ಸೇರಿ ಏಳು. ಯುದ್ಧದ ಕಾಲಕ್ಕೆ ನಮ್ಮಂಥ ಸಣ್ಣವರಿಗೆ ಹೊಸ ವಿದ್ಯುತ್ ಜೋಡಣೆ ಸಿಗುವುದು ದುಸ್ತರವಾಗಿತ್ತು. ಓಣಿಯ ಹಿಂದಿನ ಬಯಲಿನಲ್ಲಿ ಮುಚ್ಚಿದ ಕಾರ್ಖಾನೆಯೊಂದರ ಮಾಲೀಕ ತನ್ನ ಎರಡು ಡೀಸೆಲ್ ಎಂಜಿನ್ನುಗಳಿಂದ ವಿದ್ಯುತ್ ಮಾರಲು ತಯಾರಾದ. ಒಂದು ದೊಡ್ಡದು, ಒಂದು ಸಣ್ಣದು. ದೊಡ್ಡದು ನೂರಾ ಮೂವತ್ತು ಹಾರ್ಸ್ ಪವರ್, ಸಣ್ಣದು ನೂರು. ನಮ್ಮ ಓಣಿಯವರು ಹಾರ್ಸ್ ಪವರ್ ಎನ್ನುತ್ತಿರಲಿಲ್ಲ, ಕುದುರೆ ಎನ್ನುತ್ತಿದ್ದರು. ನಾನೂ ಹಾಗೆಯೇ ಬರೆಯುತ್ತೇನೆ.

ಏಳು ಮಂದಿಯ ಪರವಾಗಿ ಮಾತಾಡಲು ನನ್ನನ್ನು ಕಳಿಸಿದರು. ಎದುರಿಗೆ ಕೂತವರು ಆ ವಿದ್ಯುತ್ ಮನೆಯ ಎಂಜಿನಿಯರ್ ಸಾಹೇಬರು. ಮರಾಠಿಯವರು, ಮಾತು ಕಡಿಮೆ, ಮಾತಾಡುವಾಗ ಪೆನ್ಸಿಲಿನಿಂದ ಮೇಜಿನ ಮೇಲೆ ಗೆರೆ ಎಳೆಯುವ ಅಭ್ಯಾಸ. ಅವರು ತಂದ ಕರಡಿನಲ್ಲಿ ಹೀಗಿತ್ತು: ಯಂತ್ರ ಕೆಟ್ಟು ಶಕ್ತಿ ಇಳಿದರೆ ಯಾರಿಗೆ ಕೊಡಬೇಕು, ಯಾರಿಗೆ ಬಿಡಬೇಕು ಎಂಬುದು ಮಾಲೀಕರ ಇಚ್ಛೆ.

ಮೂರು ದಿನ ನಾನು ಆ ಒಂದು ಸಾಲಿನ ಮೇಲೆ ಕೂತೆ. ಮಾಲೀಕರ ಇಚ್ಛೆ ಎಂದರೆ ಯಾರು ಸಂಜೆ ಪೇಡೆ ಡಬ್ಬಿ ಒಯ್ಯುತ್ತಾರೋ ಅವರ ದೀಪ ಉರಿಯುತ್ತದೆ, ಅದು ನಮಗೆ ಬೇಡ ಎಂದೆ. ಕೊನೆಗೆ ಸಾಹೇಬರು ಪೆನ್ಸಿಲು ಕೆಳಗಿಟ್ಟು, “ಸರಿ ಶೇಟ್, ನೀವೇ ಹೇಳಿ,” ಎಂದರು. ನಾನು ಹೇಳಿದೆ: ಶಕ್ತಿ ಎಷ್ಟು ಇಳಿದರೂ, ಉಳಿದದ್ದನ್ನು ಪ್ರತಿಯೊಬ್ಬರೂ ಕರಾರಿನಲ್ಲಿ ಬರೆಸಿದ ಕುದುರೆಗಳ ಪ್ರಮಾಣದಲ್ಲಿ ಹಂಚಬೇಕು. ಏಳು ಸಹಿ ಇಲ್ಲದೆ ಇದರಲ್ಲಿ ಒಂದು ಅಕ್ಷರವನ್ನೂ ತಿದ್ದಬಾರದು. ಎರಡನೆಯ ಮಾತು ಯಾಕೆಂದರೆ, ಮುಂದೆ ಸಾಹೇಬರು ನಮ್ಮಲ್ಲಿ ಒಬ್ಬೊಬ್ಬರನ್ನೇ ಕರೆದು ಒಡೆಯಬಾರದು. ಅವರು ಒಪ್ಪಿದರು. ಬರೆಸಿದ ಪ್ರತಿ ಕುದುರೆಗೂ ತಿಂಗಳಿಗೆ ಇಷ್ಟೆಂದು ಕಟ್ಟಬೇಕಿತ್ತು. ಅದನ್ನೂ ಜಗ್ಗಾಡಿ ಬಹಳ ಕೆಳಗೆ ಇಳಿಸಿದೆ. ಒಮ್ಮೆ ಇಳಿಸಿ ಬರೆಸಿದ ಕುದುರೆಗಳ ಅಂಕಿಯನ್ನು ಯುದ್ಧ ಮುಗಿಯುವವರೆಗೆ ಏರಿಸಲಾಗದು ಎಂಬ ಷರತ್ತನ್ನು ಮಾತ್ರ ಅವರು ಬಿಡಲಿಲ್ಲ.

ಆ ಸಂಜೆ ನನ್ನ ಶೆಡ್ಡಿನಲ್ಲಿ ಏಳು ಮಂದಿ ಕೂತೆವು. ನಾನು ಬುದ್ಧಿ ಹೇಳಿದೆ. ಪೇಟೆಯಲ್ಲಿ ಹತ್ತು ಗಜ ಬೇಕಾದರೆ ಇಪ್ಪತ್ತು ಕೇಳುವುದು ನಮ್ಮ ಪದ್ಧತಿ. ಇಲ್ಲಿಯೂ ಹಾಗೆ: ಕುದುರೆ ಎಷ್ಟು ಬೇಕೋ ಅದರ ಎರಡರಷ್ಟು ಬರೆಸಿ. ಒಂದು ಯಂತ್ರ ಕೆಟ್ಟು ಅರ್ಧವಾದರೂ ನಿಮ್ಮದು ಪೂರ್ತಿ ಓಡುತ್ತದೆ. ಎಲ್ಲರಿಗೂ ಮಾತು ರುಚಿಸಿತು. ಮಂಜುಗಡ್ಡೆಯವನು ಅಥಣಿ ಕಡೆಯವನು, ನನ್ನ ಬೆನ್ನು ತಟ್ಟಿದ. “ಶೆಟ್ರ, ನೀವು ವಕೀಲರಾಗಬೇಕಿತ್ತ ನೋಡ್ರಿ. ತಪ್ಪಿ ತುಕ್ಕಿನ ಅಂಗಡಿ ಹಾಕೀರಿ.”

ಒಪ್ಪದಿದ್ದವಳು ಹಿಟ್ಟಿನ ಗಿರಣಿಯ ಅಕ್ಕ ಒಬ್ಬಳೇ. ನಿಪ್ಪಾಣಿಯ ಹತ್ತಿರದವಳು. ಗಂಡನಿಗೆ ದಮ್ಮು, ಹಿಟ್ಟಿನ ಧೂಳಿನಲ್ಲಿ ನಿಲ್ಲುವ ಹಾಗಿರಲಿಲ್ಲ. ಗಿರಣಿ ಈಕೆಯೇ ನಡೆಸುತ್ತಿದ್ದಳು. ಆಕೆಯ ಹತ್ತಿರ ಮೊದಲು ಎಣ್ಣೆ ಎಂಜಿನ್ನು ಇತ್ತು. ಎಣ್ಣೆ ಸಿಗದ ಕಾಲ, ಅದನ್ನು ಕೊಟ್ಟು ಮೋಟಾರು ತಗೊ ಎಂದು ಹೇಳಿದವನು ನಾನೇ. ಎಂಜಿನ್ನು ನನಗೆ ಬಂತು, ನನ್ನ ಹದಿನೈದು ಕುದುರೆಯ ಮೋಟಾರು ಆಕೆಗೆ ಹೋಯಿತು.

“ಮೋಟಾರಿನ ಮ್ಯಾಲ ಹದಿನೈದಂತ ಬರದದ. ಹದಿನೈದ ಬರಸ್ತೀನಿ,” ಎಂದಳು.

“ಅಕ್ಕಾರ, ಮೂವತ್ತು ಬರಸ್ರಿ. ಖರ್ಚು ಭಾಳ ಇಲ್ಲ.”

“ಇಲ್ಲದ ಕುದುರಿಗೆ ನಾ ಯಾಕ ಹುಲ್ಲ ಹಾಕ್ಲಿ?”

ಎಲ್ಲರೂ ನಕ್ಕರು. ನಾನೂ ನಕ್ಕೆ. ಇನ್ನೊಂದು ಸಲ ಹೇಳಬಹುದಿತ್ತು, ಹೇಳಲಿಲ್ಲ. ಪ್ರಮಾಣದ ಹಂಚಿಕೆಯಲ್ಲಿ ಒಬ್ಬರು ಕಡಿಮೆ ಬರೆಸಿದಷ್ಟೂ ಉಳಿದವರಿಗೆ ಹೆಚ್ಚು ಎಂಬ ಲೆಕ್ಕ ನನಗೆ ತಿಳಿಯುತ್ತಿತ್ತು. ತಿಳಿದೇ ಸುಮ್ಮನಾದೆ. ಆರು ಮಂದಿಯದು ನೂರಾ ಎಂಬತ್ತೈದು, ಆಕೆಯದು ಹದಿನೈದು, ಒಟ್ಟು ಇನ್ನೂರು ಕುದುರೆ ಎಂದು ಕಾಗದವಾಯಿತು. ನಿಜವಾಗಿ ಓಡುತ್ತಿದ್ದದ್ದು ನೂರರ ಮೇಲೆ ಏಳೆಂಟು ಇದ್ದೀತು.

ಕೆಲವು ತಿಂಗಳು ಎಲ್ಲ ಚೆನ್ನಾಗಿ ನಡೆಯಿತು. ಅಕ್ಕನಿಗೆ ಲಷ್ಕರಿನ ಗೋದಾಮಿಗೆ ಗೋಧಿ ಹಿಟ್ಟು ಬೀಸಿ ಕೊಡುವ ಆರ್ಡರು ಸಿಕ್ಕಿತು. ವಾರಕ್ಕೆ ಎರಡು ಸಲ, ಸೋಮವಾರ ಮತ್ತು ಗುರುವಾರ, ಗೋಧಿ ಅವರದೇ, ಚೀಲಗಳೂ ಅವರವೇ. ಒಂದೇ ಕಠಿಣ ಷರತ್ತು: ಒಂದು ತಿಂಗಳಲ್ಲಿ ಮೂರು ಸಲ ಹಿಟ್ಟು ಕಡಿಮೆ ಬಿದ್ದರೆ ಆರ್ಡರು ರದ್ದು. ಮನೆಯಲ್ಲಿ ಬೀಸಿಕೊಳ್ಳಲು ತರುವ ಗಿರಾಕಿಗಳನ್ನು ಆಕೆ ಬಿಟ್ಟುಕೊಟ್ಟಿದ್ದಳು, ಕೈ ತುಂಬಿತ್ತು. ಆ ಆರ್ಡರು ಹೋದರೆ ಗಿರಣಿಯೂ ಹೋದಂತೆಯೇ.

ಒಂದು ಬೆಳಿಗ್ಗೆ ಹಿಂದಿನ ಬಯಲಿನಿಂದ ಬರುವ ದೊಡ್ಡ ಎಂಜಿನ್ನಿನ ಸದ್ದು ಸಟ್ಟನೆ ನಿಂತಿತು. ನಾನು ಹೋಗಿ ನೋಡಿದೆ. ಎಂಜಿನ್ನಿನ ಕ್ರ್ಯಾಂಕು, ಅಂದರೆ ಪಿಸ್ಟನ್ನಿನ ಏರಿಳಿತವನ್ನು ತಿರುಗುವಿಕೆ ಮಾಡುವ ದಪ್ಪ ಉಕ್ಕಿನ ದಂಡ, ಕುತ್ತಿಗೆಯ ಹತ್ತಿರ ಬಿರಿದಿತ್ತು. ಉಗುರು ಹಾಕಿದರೆ ಸಿಗುವಷ್ಟು ಬಿರುಕು. ಬದಲಿ ದಂಡ ವಿಲಾಯತಿಯಿಂದ ಬರಬೇಕು, ಹಡಗುಗಳ ಸುದ್ದಿ ಯಾರಿಗೂ ಗೊತ್ತಿಲ್ಲ. ಬೆಸುಗೆ ಹಾಕಿದರೆ ಹಿಡಿಯುವುದಿಲ್ಲ ಎಂದು ನನಗೂ ಸಾಹೇಬರಿಗೂ ಗೊತ್ತಿತ್ತು.

“ಇನ್ನು ನೂರೇ,” ಎಂದರು ಅವರು.

ಇನ್ನೂರು ಬರೆದದ್ದು, ನೂರು ಉಳಿದದ್ದು. ಪ್ರತಿಯೊಬ್ಬರಿಗೂ ಬರೆಸಿದ್ದರ ಅರ್ಧ. ನಾವು ಆರು ಮಂದಿ ಎರಡರಷ್ಟು ಬರೆಸಿದ್ದೆವು; ಅರ್ಧವೆಂದರೆ ನಮಗೆ ಬೇಕಾದಷ್ಟೇ. ಮಂಜುಗಡ್ಡೆ ಕಟ್ಟುತ್ತಲೇ ಇತ್ತು, ಗಾಣ ತಿರುಗುತ್ತಲೇ ಇತ್ತು. ಅಕ್ಕನಿಗೆ ಬಂದದ್ದು ಏಳೂವರೆ. ಹದಿನೈದರ ಮೋಟಾರು ಏಳೂವರೆಯಲ್ಲಿ ಅರ್ಧ ವೇಗದಿಂದ ಓಡುವುದಿಲ್ಲ. ಗುರುಗುಟ್ಟಿ, ಕಾದು, ಸುಟ್ಟುಹೋಗುತ್ತದೆ. ಆದ್ದರಿಂದ ಸಾಹೇಬರು ಆಕೆಗೆ ಪೂರ್ತಿ ಶಕ್ತಿಯನ್ನು ಅರ್ಧ ದಿನ ಕೊಟ್ಟರು. ಮಧ್ಯಾಹ್ನ ಹನ್ನೆರಡಕ್ಕೆ ಲೈನ್‌ಮನ್ ಬಂದು ಗಿರಣಿಯ ಫ್ಯೂಜು ಕಿತ್ತು ಜೇಬಿಗೆ ಹಾಕಿಕೊಂಡು ಹೋಗುತ್ತಿದ್ದ. ಹಂಚಿಕೆಯಲ್ಲಿ ತಪ್ಪಿರಲಿಲ್ಲ. ನಾನು ಬರೆಸಿದಂತೆಯೇ ಇತ್ತು.

ಮೊದಲ ಸೋಮವಾರ ಹಿಟ್ಟು ನಾಲ್ಕು ಚೀಲ ಕಡಿಮೆ ಬಿತ್ತು. ಗೋದಾಮಿನ ಕಾರಕೂನ ಪುಸ್ತಕದಲ್ಲಿ ಕೆಂಪು ಗೆರೆ ಹಾಕಿದ.

ಅಕ್ಕ ಅಂದು ನನ್ನ ಶೆಡ್ಡಿಗೆ ಬಂದಳು. ಜಗಳಕ್ಕೆ ಬಂದಿದ್ದರೆ ಚೆನ್ನಾಗಿತ್ತು. ಸೆರಗಿನಿಂದ ಕೈಮೇಲಿನ ಹಿಟ್ಟು ಒರೆಸುತ್ತ ನಿಂತಳು.

“ಅಣ್ಣಾರ, ಎಲ್ಲಾರ ಗಿರಣಿ ನಡದಾವ, ನಂದೊಂದ ಯಾಕ ನಿಂತದ? ನಾ ಏನ ತಪ್ಪ ಬರಸೇನಿ?”

“ತಪ್ಪ ಬರಸಿಲ್ಲ, ಅದಕ್ಕ ಹಿಂಗಾಗ್ಯದ,” ಎಂದೆ. ಸುಳ್ಳು ಹೇಳಲು ಆ ಹೊತ್ತಿಗೆ ಏನೂ ಹೊಳೆಯಲಿಲ್ಲ.

ಆಕೆ ನನ್ನನ್ನೇ ನೋಡಿದಳು. “ಹೌದೇನ್ರಿ,” ಎಂದಷ್ಟೇ ಹೇಳಿ ಹೋದಳು.

ಮೊದಲು ನಾನು ಮಾಡಿದ್ದು ನನ್ನ ಪಾಲು ಬಿಡುವ ಯೋಚನೆ. ನಾನು ಮೂವತ್ತು ಬರೆಸಿದ್ದೆ, ಬೇಕಾದದ್ದು ಹದಿನೈದು. ನನ್ನ ಪಾಲಿಗೆ ಬರುವುದನ್ನು ಅಕ್ಕನಿಗೆ ಕೊಡಿ ಎಂದು ಸಾಹೇಬರಿಗೆ ಹೇಳಿದೆ. ಅವರು ಕಾಗದ ತಿರುವಿ, ನನ್ನ ಕಲಮಿನ ಮೇಲೆ ಪೆನ್ಸಿಲು ಇಟ್ಟರು.

“ಒಬ್ಬರ ಪಾಲು ಇನ್ನೊಬ್ಬರಿಗೆ ಎಂದು ಇದರಲ್ಲಿ ಇಲ್ಲ ಶೇಟ್. ನೀವು ಬಿಟ್ಟರೆ ಅದು ಎಲ್ಲರಿಗೂ ಪ್ರಮಾಣದಲ್ಲಿ ಹೋಗುತ್ತದೆ. ಆ ಹೆಣ್ಣುಮಗಳಿಗೆ ಬರುವುದು ಒಂದು ಚೂರು.”

“ಮತ್ತೆ ದಾರಿ?”

“ಏಳೂ ಜನ ನಿಜವಾದ ಅಂಕಿ ಬರೆದು ಸಹಿ ಮಾಡಿ ತನ್ನಿ. ನೂರಾ ಏಳಕ್ಕೆ ನೂರು ಇದೆ. ಪ್ರತಿಯೊಬ್ಬರೂ ದಿನಕ್ಕೆ ಮುಕ್ಕಾಲು ತಾಸು ನಿಲ್ಲಿಸಿದರೆ ಸಾಕು, ಯಾರ ಗಿರಣಿಯೂ ಮುಚ್ಚುವುದಿಲ್ಲ.” ಆಮೇಲೆ ಸಣ್ಣ ದನಿಯಲ್ಲಿ, “ಈ ಅಂಕಿಗಳು ಸುಳ್ಳೆಂದು ನನಗೆ ಮೊದಲ ವಾರವೇ ಮೀಟರು ಹೇಳಿತ್ತು,” ಎಂದರು.

ಮುಕ್ಕಾಲು ತಾಸು. ಆ ಮಾತು ಹಿಡಿದುಕೊಂಡು ನಾನು ಓಣಿ ಸುತ್ತಿದೆ. ಛಾಪಖಾನೆಯವನು ಒಪ್ಪಿದ. ಸೋಡಾದವನೂ ಗೊಣಗುತ್ತ ಒಪ್ಪಿದ. ಗಾಣದವನು ಮತ್ತು ಕಟ್ಟಿಗೆ ಗಿರಣಿಯವನು, ಮಂಜುಗಡ್ಡೆಯವನು ಸಹಿ ಮಾಡಿದರೆ ಮಾಡುತ್ತೇವೆ ಎಂದರು. ಮಂಜುಗಡ್ಡೆಯವನ ಹತ್ತಿರ ನಾನು ಐದು ಸಲ ಹೋದೆ.

“ಶೆಟ್ರ, ಇವತ್ತ ದೊಡ್ಡದು ಕೆಟ್ಟದ. ನಾಳೆ ಸಣ್ಣದೂ ಕೆಮ್ಮಿತಂದ್ರ? ಆಗ ಅರ್ಧದಾಗ ಅರ್ಧ. ನನ್ನ ಉಪ್ಪುನೀರು ಒಮ್ಮೆ ಬಿಸಿಯಾತಂದ್ರ ಮತ್ತ ತಣ್ಣಗಾಗಾಕ ಎರಡ ದಿನ ಬೇಕು. ಇಳಿಸಿ ಬರದದ್ದ ಮತ್ತ ಏರಸಾಕ ಬರೂದಿಲ್ಲ.”

“ಒಬ್ಬ ಹೆಣ್ಣಮಗಳ ಗಿರಣಿ ಮುಳಗತದಲ್ಲೋ.”

“ನನಗೂ ಮರುಕ ಅದರಿ. ಆದ್ರ ಎರಡಪಟ್ಟು ಬರಸ್ರಿ ಅಂತ ಹೇಳಿದವರು ನೀವ. ನಿಮ್ಮ ಪಾಠ ನಾವು ಬಾಯಿಪಾಠ ಮಾಡೀವಿ. ಈಗ ಮಾಸ್ತರನ ಬಂದು ಮರೀರಿ ಅಂದ್ರ ಹೆಂಗ?”

ಹೆದರಿಸಿದೆ, ಹೊಗಳಿದೆ, ಅರ್ಧ ದರಕ್ಕೆ ಪಂಪು ಕೊಡುತ್ತೇನೆ ಎಂದೆ. ಜೀವನದಲ್ಲಿ ನನಗೆ ಬಂದ ಎಲ್ಲ ವಿದ್ಯೆ ತೋರಿಸಿದೆ. ಅವನು ಪ್ರತಿ ಸಲ ಚಹಾ ಕುಡಿಸಿ ಕಳಿಸಿದ. ಒಂದು ವಾರ ಹೀಗೆ ಹೋಯಿತು. ಆ ವಾರದಲ್ಲಿ ಗುರುವಾರದ ಹಿಟ್ಟನ್ನು ಅಕ್ಕ ಎರಡು ಕೂಲಿ ಹೆಂಗಸರನ್ನು ಹಚ್ಚಿ ಕೈಬೀಸುಕಲ್ಲಿನಲ್ಲಿ ಬೀಸಿ ಹೇಗೋ ತುಂಬಿಸಿದಳು. ಮರು ಸೋಮವಾರ ಆಗಲಿಲ್ಲ. ಎರಡನೆಯ ಕೆಂಪು ಗೆರೆ.

ಇದನ್ನು ಓದುವ ವ್ಯಾಪಾರಿಗಳಿಗೆ ಒಂದು ಮಾತು. ಎದುರಿನವನು ಒಪ್ಪುವುದಿಲ್ಲ ಎಂಬುದು ಎರಡನೆಯ ಭೇಟಿಗೇ ತಿಳಿಯುತ್ತದೆ. ಮೂರನೆಯ ಸಲ ಹೋಗುವುದು ನಮ್ಮ ಅಹಂಕಾರಕ್ಕಾಗಿ.

ಮರುದಿನ ನಾನು ಘಾಟಿಯ ಆಚೆಯ ಭೋರ್ ಎಂಬ ಊರಿಗೆ ಹೋದೆ. ಅಕ್ಕನ ಹಳೆಯ ಎಣ್ಣೆ ಎಂಜಿನ್ನನ್ನು ಅಲ್ಲಿಯ ಒಬ್ಬ ವ್ಯಾಪಾರಿಗೆ ಮಾರಿದ್ದೆ. ಮರಳಿ ತಂದರೆ ಅರ್ಧ ದಿನವಾದರೂ ಓಡೀತು ಎಂಬ ಆಸೆ. ಇದ್ದಿಲಿನ ಗ್ಯಾಸಿನಿಂದ ಓಡುವ ಬಸ್ಸು ಘಾಟಿಯಲ್ಲಿ ಎರಡು ಸಲ ನಿಂತಿತು, ಎಲ್ಲರೂ ಇಳಿದು ತಳ್ಳಿದೆವು. ಎಂಜಿನ್ನು ಅವನ ಹಿತ್ತಲಿನಲ್ಲಿ ಇತ್ತು. ಬೀಡು ಕಬ್ಬಿಣಕ್ಕೆ ಬೆಲೆ ಏರಿತ್ತೆಂದು ಅದರ ಮೈಯನ್ನು ಸುತ್ತಿಗೆಯಿಂದ ಒಡೆದು ರಾಶಿ ಹಾಕಿದ್ದ. ದೊಡ್ಡ ಗಾಲಿಯೊಂದು ಮಾತ್ರ ಗೋಡೆಗೆ ಒರಗಿ ನಿಂತಿತ್ತು.

ಮರಳುವ ದಾರಿಯಲ್ಲಿ ನನಗೆ ಹೊಳೆಯಿತು. ಒಬ್ಬರ ಪಾಲು ಇನ್ನೊಬ್ಬರ ಜಾಗಕ್ಕೆ ಹೋಗುವ ಹಾಗಿಲ್ಲ, ಸರಿ. ಆದರೆ ನನ್ನ ಶೆಡ್ಡಿಗೆ ಬರುವ ಹದಿನೈದು ಕುದುರೆಯಿಂದ ನಾನು ಯಾವ ಯಂತ್ರ ಓಡಿಸಬೇಕೆಂದು ಕರಾರಿನಲ್ಲಿ ಒಂದು ಮಾತೂ ಇಲ್ಲ. ಅಕ್ಕನ ಬೀಸುವ ಕಲ್ಲು, ಮೋಟಾರು ಎರಡನ್ನೂ ನನ್ನ ಶೆಡ್ಡಿನಲ್ಲಿ ಕೂರಿಸಬೇಕು. ನನ್ನ ಲೇತು, ಡ್ರಿಲ್ಲು ನಿಲ್ಲಬೇಕು. ನನ್ನ ಕೆಲಸ ಸತ್ತುಹೋಗುತ್ತಿತ್ತು, ಆದರೆ ದಿನವೆಲ್ಲ ಬೀಸಿದರೆ ಆಕೆಯ ಆರ್ಡರು ಉಳಿಯುತ್ತಿತ್ತು.

ಮಂಗಳವಾರ ಸಂಜೆ ಹೇಳಿದೆ. ಅಕ್ಕ ಕೂಡಲೇ ಒಪ್ಪಿದಳು. “ನಿಮ್ಮ ಗಿರಾಕಿ?” ಎಂದು ಕೇಳಿದಳು. ಅವರು ಕಾಯುತ್ತಾರೆ ಎಂದೆ. ಅವರು ಕಾಯಲಿಲ್ಲ, ಅದು ಬೇರೆ ಮಾತು.

ಗಿರಣಿ ಸಾಗಿಸುವುದೆಂದರೆ ಸಂದೂಕು ಸಾಗಿಸಿದಂತಲ್ಲ. ಕೆಳಗಿನ ಕಲ್ಲು ನೆಲದಲ್ಲಿ ಮಟ್ಟವಾಗಿ ಕೂರಬೇಕು. ಕೂದಲೆಳೆಯಷ್ಟು ವಾಲಿದರೂ ಮೇಲಿನ ಕಲ್ಲು ಒಂದು ಬದಿಗೆ ಉಜ್ಜುತ್ತದೆ. ಅದಕ್ಕೆ ಗಟ್ಟಿ ಪಾಯ ಬೇಕು. ಸಿಮೆಂಟು ಸರಕಾರದ ಕೈಯಲ್ಲಿತ್ತು. ನಮಗೆ ಸಿಕ್ಕಿದ್ದು ಸುಣ್ಣದ ಗಚ್ಚು. ಕೆಲಸಕ್ಕೆ ನಿಂತವರು ನನ್ನ ಫಿಟ್ಟರ್ ಚಾಚಾ, ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿ ಕೈ ಪಳಗಿಸಿಕೊಂಡವರು.

“ಗಚ್ಚು ಹಿಡಿಯಾಕ ಎಂಟ ದಿನಾ ಬೇಕ್ರಿ,” ಎಂದರು.

“ಗುರುವಾರ ಹಿಟ್ಟ ಕೊಡಬೇಕು ಚಾಚಾ. ಸುತ್ತ ಬೋಲ್ಟ ಬಿಗದ್ರ ಸಾಲೂದಿಲ್ಲೇನು?”

“ಬೋಲ್ಟು ಯಾತಕ್ಕ ಹಿಡೀಬೇಕ್ರಿ? ಹಸಿ ಮಣ್ಣಿಗೆ?”

“ಬಿಗೀರಿ, ನೋಡೋಣು.”

ಅವರು ಬೋಲ್ಟು ಆರಿಸತೊಡಗಿದರು. ಅದನ್ನು ನಾನು ಒಪ್ಪಿಗೆ ಎಂದು ತಿಳಿದೆ. ಬುಧವಾರ ಎತ್ತಿನ ಗಾಡಿಯಲ್ಲಿ ಕಲ್ಲುಗಳು ಬಂದವು. ಮಧ್ಯಾಹ್ನದೊಳಗೆ ಕೂರಿಸಿ, ಮೋಟಾರಿಗೆ ಪಟ್ಟಾ ಹಾಕಿ, ತಂತಿ ಜೋಡಿಸಿ ಓಡಿಸಿದೆವು. ಮೊದಲು ಉಲ್ಟಾ ತಿರುಗಿತು. ಮೂರು ತಂತಿಗಳಲ್ಲಿ ಎರಡನ್ನು ಅದಲುಬದಲು ಮಾಡಿದರೆ ಸರಿಹೋಗುವ ಕೆಲಸ, ಮಾಡಿದೆವು. ಹಿಟ್ಟು ಬೀಳತೊಡಗಿತು. ಅಕ್ಕ ಅಂಗೈಯಲ್ಲಿ ಹಿಡಿದು, ಬೆರಳಿನಿಂದ ತಿಕ್ಕಿ ನೋಡಿ, ತಲೆಯಾಡಿಸಿದಳು. ದಿನ ಮುಳುಗುವವರೆಗೂ ಓಡಿತು. ವಿದ್ಯುತ್ ಮನೆ ಎಂಜಿನ್ನು ನಿಲ್ಲಿಸುವ ಹೊತ್ತಿಗೆ ಬೇಕಾದದ್ದರಲ್ಲಿ ಅರ್ಧ ಚೀಲಗಳು ಗೋಡೆಗೆ ನಿಂತಿದ್ದವು. ಆ ಸಂಜೆ ನನಗೆ ಗೆದ್ದೆ ಅನ್ನಿಸಿತು. ಸುಳ್ಳು ಯಾಕೆ, ಮಂಜುಗಡ್ಡೆಯವನ ಬಾಗಿಲ ಮುಂದೆ ಒಂದು ಸಲ ಸುಮ್ಮನೆ ಹಾದುಬಂದೆ.

ಗುರುವಾರ ಬೆಳಿಗ್ಗೆ ಮತ್ತೆ ಶುರು ಮಾಡಿದೆವು. ಎಂಟರ ಸುಮಾರಿಗೆ ಚಾಚಾ ಕೈ ಎತ್ತಿ ಕಿವಿಗೊಟ್ಟರು. ಕಲ್ಲಿನ ಸದ್ದು ಬದಲಾಗಿತ್ತು, ಪ್ರತಿ ಸುತ್ತಿಗೂ ಒಂದು ತೊಡರು. ಪಾಯ ಒಂದು ಬದಿಗೆ ಕುಸಿದಿತ್ತು. ನಿಲ್ಲಿಸಿ, ಬೆಣೆ ಹೊಡೆದು, ಮಟ್ಟ ಮಾಡಿ ಮತ್ತೆ ಓಡಿಸಿದೆವು. ಮತ್ತೆ ಕುಸಿಯಿತು. ಹಿಟ್ಟಿನಿಂದ ಕರಕಲು ವಾಸನೆ ಬರುತ್ತಿತ್ತು. ಕಲ್ಲು ಕಲ್ಲಿಗೆ ತಿಕ್ಕಿ ಸಣ್ಣ ಹರಳುಗಳೂ ಬೀಳುತ್ತಿದ್ದವು. ಅಕ್ಕ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಹಲ್ಲಿನಲ್ಲಿ ಕಡಿದಳು. ನನಗೂ ಒಂದು ಚಿಟಿಕೆ ಕೊಟ್ಟಳು.

“ಒಯ್ಯೋಣು,” ಎಂದೆ. “ಎಲ್ಲಾ ಚೀಲಾ ಬಿಚ್ಚಿ ನೋಡೂದಿಲ್ಲ ಅವರು. ಬುಧವಾರದ್ದು ಮುಂದ ಇಡೋಣು.”

“ಸಿಪಾಯಿಗೋಳು ತಿನ್ನೂ ಹಿಟ್ಟು ಅಣ್ಣಾರ.”

“ಇದೊಂದ ಸಲ ಅಕ್ಕಾ.”

ಆಕೆ ಚೀಲಗಳನ್ನು ಎರಡು ಸಾಲು ಮಾಡಿಸಿದಳು. ಚೆನ್ನಾಗಿದ್ದವು ಗಾಡಿಗೆ ಹೋದವು. ಕರಕಲಾದವು ಹನ್ನೊಂದು ಚೀಲ, ನನ್ನ ಶೆಡ್ಡಿನ ಮೂಲೆಯಲ್ಲಿ ಉಳಿದವು. ನಾನು ಗಾಡಿಯ ಜೊತೆ ನಡೆದೆ. ಗೋದಾಮಿನಲ್ಲಿ ಕಾರಕೂನನಿಗೆ ಯಂತ್ರ ಕೆಟ್ಟ ಕಥೆ ಹೇಳಿದೆ, ಎಂಜಿನಿಯರ್ ಸಾಹೇಬರು ಬರೆದುಕೊಟ್ಟ ಚೀಟಿ ತೋರಿಸಿದೆ. ಅವನು ಕೆಟ್ಟ ಮನುಷ್ಯನಲ್ಲ. ಪೂರ್ತಿ ಕೇಳಿದ. “ನಿಮಗೆ ವಿದ್ಯುತ್ ಕೊಡುವವನ ಯಂತ್ರ ಕೆಟ್ಟರೆ ನಮ್ಮ ಕರಾರಿನಲ್ಲಿ ಅದಕ್ಕೆ ಮಾಫಿ ಇದೆಯಾ?” ಎಂದು ಕೇಳಿದ. ಇರಲಿಲ್ಲ. ನನ್ನಂಥ ಚತುರರು ಯಾರೂ ಆ ಕಾಗದ ಬರೆಯುವಾಗ ಅಕ್ಕನ ಪಕ್ಕ ಕೂತಿರಲಿಲ್ಲ. ಅವನು ಮೂರನೆಯ ಗೆರೆ ಎಳೆದ.

ಆರ್ಡರು ಬೇರೊಂದು ಗಿರಣಿಗೆ ಹೋಯಿತು. ಬಿಟ್ಟುಕೊಟ್ಟ ಮನೆ ಗಿರಾಕಿಗಳು ಆಗಲೇ ಬೇರೆ ಕಡೆ ರೂಢಿಯಾಗಿದ್ದರು. ಅಕ್ಕ ಹದಿನೈದು ದಿನ ನೋಡಿದಳು. ಆಮೇಲೆ ಗಂಡನನ್ನು ಕರೆದುಕೊಂಡು ನಿಪ್ಪಾಣಿಗೆ, ತಮ್ಮನ ಮನೆಗೆ ಹೋಗುವುದೆಂದು ನಿಶ್ಚಯ ಮಾಡಿದಳು.

ಹೋಗುವ ಮುಂಚೆ ಶೆಡ್ಡಿಗೆ ಬಂದಳು. ಕಲ್ಲು, ಮೋಟಾರು ಇನ್ನೂ ಅಲ್ಲಿಯೇ ಇದ್ದವು.

“ಇವು ನೀವ ತಗೋರಿ. ನಿಮ್ಮ ಧಂದೇನ ಅದು,” ಎಂದು ಒಂದು ಬೆಲೆ ಹೇಳಿದಳು. ಪೇಟೆಯ ಬೆಲೆಗಿಂತ ತುಸು ಹೆಚ್ಚೇ ಇತ್ತು.

“ಆತ್ರಿ,” ಎಂದು ನಾನು ಪೆಟ್ಟಿಗೆಯ ಕೀಲಿ ತೆಗೆಯಲು ಹೋದೆ.

ಆಕೆಯ ಮುಖ ಬಿಗಿಯಾಯಿತು. “ಯಾಕ್ರಿ? ಚೌಕಾಸಿ ಮಾಡೂದಿಲ್ಲೇನು?”

“ಬ್ಯಾಡ ಅಕ್ಕಾ.”

“ಈ ಓಣ್ಯಾಗ ಹೇಳಿದ ಬೆಲಿ ನೀವು ಯಾರಿಗೂ ಕೊಟ್ಟಿಲ್ಲ. ನನಗೊಬ್ಬಾಕಿಗೆ ಕೊಟ್ರ ಅದು ಬೆಲಿ ಅಲ್ಲ, ಭಿಕ್ಷಾ. ಚೌಕಾಸಿ ಮಾಡ್ರಿ. ಇಲ್ಲಾಂದ್ರ ಗಾಡಿ ಕರಸ್ತೀನಿ.”

ಕೀಲಿ ಕೆಳಗಿಟ್ಟೆ. ಮೋಟಾರಿನ ಪಕ್ಕ ಕೂತು ಕೈಯಿಂದ ತಿರುಗಿಸಿ ನೋಡಿದೆ. ಬೇರಿಂಗು ಸವೆದಿದೆ ಎಂದೆ. ನೀವೇ ಕೊಟ್ಟದ್ದು, ಆಗಲೂ ಹಿಂಗೇ ಇತ್ತು ಎಂದಳು. ಕಲ್ಲಿಗೆ ಹೊಸದಾಗಿ ಹಲ್ಲು ಕಡಿಸಬೇಕು ಎಂದೆ. ಅದನ್ನು ಕೆಡಿಸಿದ್ದು ನಿಮ್ಮ ಗಚ್ಚು ಎಂದಳು. ನಾನು ಇಳಿಸಿದೆ, ಆಕೆ ಏರಿಸಿದಳು. ಎದ್ದು ಬಾಗಿಲವರೆಗೆ ಹೋಗಿ ನಿಂತಳು, ನಾನು ಕರೆದೆ. ಇಡೀ ಒಂದು ತಾಸು ಹಾಗೆ ನಡೆಯಿತು. ಚಾಚಾ ಹೊರಗೆ ಹೋಗಿ ಗೋಡೆಗೆ ಒರಗಿ ಕೂತರು.

ಕೊನೆಗೆ ಒಪ್ಪಿದ್ದು ಆಕೆ ಮೊದಲು ಹೇಳಿದ್ದಕ್ಕಿಂತ ಎರಡು ರೂಪಾಯಿ ಕಡಿಮೆಗೆ. ನಾನು ಬಹಳ ವರ್ಷ ಪೇಟೆಯಲ್ಲಿ ಇದ್ದೆ, ದೊಡ್ಡ ದೊಡ್ಡ ವ್ಯವಹಾರ ಮುಗಿಸಿದೆ. ಆ ಎರಡು ರೂಪಾಯಿಗೆ ಪಟ್ಟಷ್ಟು ಕಷ್ಟ ಯಾವುದಕ್ಕೂ ಪಡಲಿಲ್ಲ.